ರೆಕಾರ್ಡ್ ಬುಕ್ಕೆಂಬ ಬಕಾಸುರ

‘ಡಿಎಸ್ ತುಂಬಾ ಟಫ್ ಅಕ್ಕಾ.’ ಎರಡನೇ ವರ್ಷದ ಕಂಪ್ಯೂಟರ್ ಸೈನ್ಸ್ ಮಕ್ಕಳ ಬಾಯಲ್ಲಿ ಈ ಮಾತು ಕೇಳಿ ಕೇಳಿ ನನಗೆ ಅಭ್ಯಾಸವಾಗಿದೆ. ಡಿಎಸ್ ಎಂದರೆ ಡೇಟಾ ಸ್ಟ್ರಕ್ಚರ್ಸ್, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಮೂರನೇ ಸೆಮಿಸ್ಟರಿನ ಪೇಪರು, ಜೊತೆಗೊಂದು ಲ್ಯಾಬು. ನಾನೂ ಅದೇ ವಿಟಿಯುವಿನಲ್ಲಿ ಓದಿದವಳು. ಬೆಂಗಳೂರಿನಲ್ಲಿ ಕೆಲವು ವರ್ಷ ಕೋಡ್ ಬರೆದು, ಈಗ ಚಿಂತಾಮಣಿ ತಾಲ್ಲೂಕಿನ ಕೈವಾರದ ಮನೆಯ ಮಹಡಿಯಲ್ಲಿ ಕೂತು ಅದೇ ಕೆಲಸ ಮಾಡುತ್ತೇನೆ. ಬಿಡುವಾದಾಗ ಅಕ್ಕಪಕ್ಕದ ಊರಿನ ಮಕ್ಕಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬರುತ್ತಾರೆ. ಇವರು ಒದ್ದಾಡುತ್ತಿರುವುದು ಕಣ್ಣಿಗೆ ಕಾಣುತ್ತದೆ. ಆದರೆ ಡೇಟಾ ಸ್ಟ್ರಕ್ಚರ್ಸ್ ಎಂಬ ವಿಷಯದಲ್ಲಿ ನಿಜವಾಗಿ ಯಾವುದು ಕಷ್ಟವೋ ಅದರ ಹತ್ತಿರ ಇವರಿನ್ನೂ ಹೋಗಿಯೇ ಇಲ್ಲ. ಹೋಗುವುದಕ್ಕೆ ಪುರುಸೊತ್ತು ಸಿಕ್ಕಿಲ್ಲ.

ಬೆಳಗ್ಗೆ ಆರೂವರೆಗೆ ಮನೆ ಬಿಟ್ಟರೆ ಚಿಂತಾಮಣಿಯಲ್ಲಿ ಬಸ್ಸು ಬದಲಾಯಿಸಿ, ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರದ ಕಾಲೇಜು. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಟಿಕೆಟ್ಟಿಲ್ಲ; ಸೀಟೂ ಇಲ್ಲ. ಸಂಜೆ ಮನೆ ಮುಟ್ಟುವಾಗ ಏಳು ದಾಟಿರುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕಲಿತದ್ದು ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷು. ಎರಡು ಭಾಷೆಯ ಬಾಳು ನಮ್ಮ ಕಡೆ ಹೊಸದಲ್ಲ, ಸಂತ ಕೈವಾರ ತಾತಯ್ಯನವರೇ ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದವರು. ಮೂರನೆಯದು ಸೇರಿದಾಗ ಮಾತ್ರ ನಾಲಿಗೆ ಸ್ವಲ್ಪ ತಡವರಿಸುತ್ತದೆ. ಇನ್ನು ರೇಷ್ಮೆ ಹುಳು ಸಾಕುವ ಮನೆಯಾದರೆ ಕೇಳಲೇಬೇಡಿ. ನಾಲ್ಕನೇ ಜ್ವರ (ಪೊರೆ ಬಿಡುವುದು) ಕಳೆದ ಮೇಲೆ ಹುಳಕ್ಕೆ ಹಗಲೂ ರಾತ್ರಿ ಸೊಪ್ಪು ಬೇಕು. ಹಣ್ಣಾದ ಹುಳು ನಾಳೆ ಇಂಟರ್ನಲ್ಸ್ ಇದೆಯೆಂದು ಕಾಯುವುದಿಲ್ಲ. ಗೂಡು ಕಟ್ಟುವ ಚಂದ್ರಂಕಿಗೆ ಬಿಡಲು ಮನೆಮಂದಿಯೆಲ್ಲ ಕೂರಬೇಕು, ಎಂಜಿನಿಯರಿಂಗ್ ಓದುವ ಮಗನೂ ಸೇರಿ.

ಇಷ್ಟರ ನಡುವೆ ಉಳಿಯುವ ಒಂದೆರಡು ಗಂಟೆಯನ್ನು ತಿನ್ನುವುದು ರೆಕಾರ್ಡ್ ಬುಕ್ಕು. ಪ್ರೋಗ್ರಾಮನ್ನು ಮೊದಲು ಅಬ್ಸರ್ವೇಶನ್ ಪುಸ್ತಕಕ್ಕೆ ಬರೆಯಬೇಕು. ಅದಕ್ಕೆ ಸಹಿ ಬಿದ್ದ ಮೇಲೆ ಅದನ್ನೇ ರೆಕಾರ್ಡಿಗೆ ಬರೆಯಬೇಕು: ಬಲಗಡೆ ಗೆರೆ ಇರುವ ಪುಟದಲ್ಲಿ ಕೋಡು, ಎಡಗಡೆ ಖಾಲಿ ಪುಟದಲ್ಲಿ ಪೆನ್ಸಿಲಿನಿಂದ ಔಟ್‌ಪುಟ್. ಆ ಔಟ್‌ಪುಟ್ ಮೆಷಿನ್ನಿನಲ್ಲಿ ಬಂದಿತ್ತೋ ಇಲ್ಲವೋ, ಪುಟದಲ್ಲಿ ಮಾತ್ರ ಮುತ್ತು ಪೋಣಿಸಿದಂತಿರಬೇಕು. ನಮ್ಮೂರು ಏಕಚಕ್ರಪುರ ಎಂದು ಸ್ಥಳಪುರಾಣ. ಬಕಾಸುರನಿಗೆ ದಿನಕ್ಕೊಂದು ಮನೆಯವರು ಗಾಡಿ ತುಂಬ ಅನ್ನ ಕಳಿಸುತ್ತಿದ್ದರಂತೆ. ಈಗ ವಾರಕ್ಕೊಂದು ಗಾಡಿ ಲ್ಯಾಬಿಗೆ ಹೋಗುತ್ತಿದೆ. ಭೀಮ ಇನ್ನೂ ಬಂದಿಲ್ಲ.

ಇದು ಯಾವುದೋ ಒಂದು ಕಾಲೇಜಿನ ಹಟ ಅಲ್ಲ, ಅಂಕದ ಲೆಕ್ಕವೇ ಹಾಗಿದೆ. ವಿಟಿಯುವಿನ 2022ರ ಸ್ಕೀಮಿನಲ್ಲಿ ಲ್ಯಾಬಿನ ಸಿಐಇಗೆ, ಅಂದರೆ ಆಂತರಿಕ ಮೌಲ್ಯಮಾಪನಕ್ಕೆ, 50 ಅಂಕ. ರೆಕಾರ್ಡಿಗೂ ಟೆಸ್ಟಿಗೂ ಪಾಲು 60:40. ಅಂದರೆ 30 ಅಂಕ ರೆಕಾರ್ಡಿಗೆ, 20 ಟೆಸ್ಟಿಗೆ. ವಾರವಾರ ಮಾಡಿದ ಕೆಲಸಕ್ಕೆ ಬೆಲೆ ಸಿಗಲಿ ಎಂದೇ ನಿಯಮ ಬರೆದಿರಬೇಕು. ಲ್ಯಾಬಿಗೆ ಬಂದು ತಲುಪುವ ಹೊತ್ತಿಗೆ ಅದು ಅಕ್ಷರ ದುಂಡಗಿದೆಯೇ, ಇಂಡೆಕ್ಸ್ ತುಂಬಿದೆಯೇ ಎಂಬಲ್ಲಿಗೆ ನಿಂತಿದೆ. ಆಮೇಲೆ ಸೆಮಿಸ್ಟರಿನ ಕೊನೆಗೆ ಚೀಟಿ ಎತ್ತುವ ಪರೀಕ್ಷೆ. ಇರುವುದು ಹನ್ನೆರಡು ಪ್ರೋಗ್ರಾಂ, ಚೀಟಿಯಲ್ಲಿ ಬಂದದ್ದನ್ನು ಬರೆದು ರನ್ ಮಾಡಿ ತೋರಿಸಬೇಕು. ಬಂದದ್ದು ಬೇಡವಾದರೆ ಒಂದು ಸಲ ಬದಲಾಯಿಸಿಕೊಳ್ಳಬಹುದು, ಆದರೆ ಪ್ರೊಸೀಜರಿಗಿರುವ ಅಂಕ ಸೊನ್ನೆ. ಹನ್ನೆರಡನ್ನೂ ಬಾಯಿಪಾಠ ಮಾಡುವುದೇ ಜಾಣತನ ಎಂದು ಹುಡುಗರು ತೀರ್ಮಾನಿಸಿದರೆ ಅವರನ್ನು ಬೈಯುವುದು ಹೇಗೆ?

ಹಾಗೆ ಬಾಯಿಪಾಠ ಮಾಡಿದ ಒಬ್ಬ ಹುಡುಗ ನನ್ನ ಎದುರು ಏಳನೇ ಪ್ರೋಗ್ರಾಂ, ಸಿಂಗ್ಲಿ ಲಿಂಕ್ಡ್ ಲಿಸ್ಟ್, ಒಂದು ಸೆಮಿಕೋಲನ್ ತಪ್ಪದಂತೆ ಟೈಪ್ ಮಾಡಿದ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಲಿಂಕ್ಡ್ ಲಿಸ್ಟ್ ಎಂದರೆ ಕಂಪ್ಯೂಟರಿನ ಮೆಮೊರಿಯಲ್ಲಿ ಅಲ್ಲಲ್ಲಿ ಬಿದ್ದಿರುವ ಪೆಟ್ಟಿಗೆಗಳು. ಒಂದೊಂದರಲ್ಲೂ ಸ್ವಲ್ಪ ಮಾಹಿತಿ, ಜೊತೆಗೆ ಮುಂದಿನ ಪೆಟ್ಟಿಗೆ ಎಲ್ಲಿದೆ ಎಂಬ ವಿಳಾಸ. ಕೊನೆಯ ಪೆಟ್ಟಿಗೆ ತೆಗೆಯಬೇಕಾದರೆ ಅದರ ಹಿಂದಿನದನ್ನು ಹುಡುಕಿ, ಅಲ್ಲಿರುವ ವಿಳಾಸ ಅಳಿಸಬೇಕು. ಅವನ ಪ್ರೋಗ್ರಾಮಿನಲ್ಲಿ ಅದಕ್ಕೆ ಮೊದಲು ‘ಒಂದೇ ಪೆಟ್ಟಿಗೆ ಇದ್ದರೆ’ ಎಂಬ ಮೂರು ಸಾಲು ಇದ್ದವು. ಇವು ಯಾಕೆ ಎಂದೆ. ‘ಮ್ಯಾನ್ಯುಯಲ್‌ನಲ್ಲಿದೆ ಅಕ್ಕಾ’ ಎಂದ. ನಾನು ಆ ಮೂರು ಸಾಲನ್ನೂ ಅಳಿಸಿ, ಒಂದೇ ಹೆಸರು ಸೇರಿಸಿ, ಅದನ್ನು ತೆಗೆ ಎಂದೆ. ಸೆಗ್ಮೆಂಟೇಶನ್ ಫಾಲ್ಟ್ ಎಂದು ಪ್ರೋಗ್ರಾಂ ಸತ್ತಿತು. ಹುಡುಗನ ಮುಖ ಸಣ್ಣಗಾಯಿತು. ಪೇಪರು ಕೊಟ್ಟು ಪೆಟ್ಟಿಗೆ ಬರೆಯೋ ಎಂದೆ. ಬರೆದ, ಬಾಣ ಎಳೆದ, ಹೊಡೆದು ಹಾಕಿದ, ಇನ್ನೊಂದು ಬರೆದ. ಅರ್ಧ ಗಂಟೆ ಆದ ಮೇಲೆ, ‘ಅಕ್ಕಾ, ಇರೋದೇ ಒಂದು. ಹಿಂದಿನದು ಎಲ್ಲಿಂದ ಬರುತ್ತೆ?’ ಎಂದು ತಾನೇ ಕೂಗಿದ. ಅದಕ್ಕಾ ಆ ಮೂರು ಸಾಲು!

ಡೇಟಾ ಸ್ಟ್ರಕ್ಚರ್ಸ್‌ನ ಕಷ್ಟ ಎಂದರೆ ಆ ಅರ್ಧ ಗಂಟೆ. ಅದನ್ನು ಯಾರೂ ಹಗುರ ಮಾಡುವುದು ಬೇಡ. ಆದರೆ ಹುಡುಗ ಮರುಕ್ಷಣ ಕೇಳಿದ ಪ್ರಶ್ನೆ ಇದು: ‘ಅಕ್ಕಾ, ಇದನ್ನ ರೆಕಾರ್ಡಲ್ಲಿ ಎಲ್ಲಿ ಬರೀಲಿ?’ ಬರೆಯಲು ಜಾಗ ಇರಲಿಲ್ಲ. ರೆಕಾರ್ಡಿನಲ್ಲಿ ಕೆಟ್ಟ ಪ್ರೋಗ್ರಾಮಿಗೆ ಪುಟವಿಲ್ಲ.

ಹನ್ನೊಂದನೇ ಪ್ರೋಗ್ರಾಮಿನದು ಇನ್ನೂ ಚೆಂದದ ಕಥೆ. ಕೆಲವು ನಗರಗಳ ನಡುವಿನ ದಾರಿಗಳನ್ನು ಕೊಟ್ಟು, ಒಂದು ನಗರದಿಂದ ಹೊರಟರೆ ಎಲ್ಲೆಲ್ಲಿ ಮುಟ್ಟಬಹುದು ಎಂದು ಕಂಡುಹಿಡಿಯುವುದು. ಮಕ್ಕಳು ಅದಕ್ಕೆ ಕೊಡುವುದು ಮ್ಯಾನ್ಯುಯಲ್ಲಿನ ಸೊನ್ನೆ ಒಂದುಗಳ ಚೌಕ, ಊರಿನ ಹೆಸರೇ ಇಲ್ಲ. ಒಬ್ಬ ಹುಡುಗಿಗೆ ನಮ್ಮ ಊರುಗಳನ್ನೇ ಹಾಕಮ್ಮಾ ಎಂದೆ. ಕೈವಾರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು ಹಾಕಿದಳು. ಕೈವಾರದಿಂದ ಹೊರಟರೆ ಎಲ್ಲ ಊರೂ ಬಂದವು. ಗೌರಿಬಿದನೂರಿನಿಂದ ಹೊರಟರೆ ಒಂದೂ ಬರಲಿಲ್ಲ. ‘ಇದೇನಕ್ಕಾ, ಹೋದವರು ವಾಪಸ್ ಬರೋಕೆ ಬಸ್ಸೇ ಇಲ್ವಾ?’ ಎಂದು ನಕ್ಕಳು. ನಗುತ್ತಲೇ ಹೊಳೆಯಿತು, ದಾರಿಯನ್ನು ಒಂದೇ ದಿಕ್ಕಿಗೆ ಕೊಟ್ಟಿದ್ದಳು. ಡೈರೆಕ್ಟೆಡ್ ಗ್ರಾಫ್ ಎಂದರೇನು ಎಂದು ಇನ್ನು ಆಕೆ ಯಾವ ವೈವಾದಲ್ಲೂ ತಡಕಾಡಬೇಕಿಲ್ಲ.

(ಎಂಟನೇ ಪ್ರೋಗ್ರಾಮಿನಲ್ಲಿ ನೌಕರರ ವಿವರ ಇಡಬೇಕು. ಮೊದಲ ಅಂಕಣ ಎಸ್‌ಎಸ್‌ಎನ್, ಅಂದರೆ ಅಮೆರಿಕದವರ ಸೋಷಿಯಲ್ ಸೆಕ್ಯುರಿಟಿ ನಂಬರು. ಚಿಂತಾಮಣಿ ತಾಲ್ಲೂಕಿನಲ್ಲಿ ಇದು ಯಾರಿಗಿದೆಯೋ ನಾನು ಕಾಣೆ. ಸ್ಕೀಮು ಬದಲಾದರೂ ಅದು ಮಾತ್ರ ಕದಲಿಲ್ಲ.)

ಪಾಠ ಕನ್ನಡದಲ್ಲಿ ಆದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. 2021ರಲ್ಲಿ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅವಕಾಶ ಕೊಟ್ಟಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ಸೇರಿದವರು ಇಲ್ಲವೆನ್ನುವಷ್ಟು ಕಡಿಮೆ. ಕೆಲಸ ಸಿಗುವ ಭಾಷೆ ಯಾವುದೆಂದು ಅಪ್ಪ ಅಮ್ಮನಿಗೂ ಗೊತ್ತು. ನಾನು ಲಿಂಕ್ಡ್ ಲಿಸ್ಟಿನ ಆ ಪೆಟ್ಟಿಗೆಗಳನ್ನು ವಿವರಿಸಿದ್ದು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ. ಅದರಿಂದ ಅನುಕೂಲವಾಯಿತು, ನಿಜ. ಆದರೆ ಅಚ್ಚ ಕನ್ನಡದಲ್ಲಿ ರೆಕಾರ್ಡ್ ಕಾಪಿ ಮಾಡಿಸಿದರೂ ಅದು ಕಾಪಿಯೇ.

ಕಲಿಸುವವರ ಕಡೆಯ ಮಾತೂ ಕೇಳಬೇಕು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಗೆಳತಿ ನನ್ನ ಮೇಲೆ ರೇಗಿದಳು. ‘ಅರವತ್ತು ರೆಕಾರ್ಡ್ ತಿದ್ದೋದು ನಮಗೇನು ಖುಷಿನಾ? ಮಾನ್ಯತೆ ಕೊಡೋ ನ್ಯಾಕ್‌ನವರು, ಎನ್‌ಬಿಎಯವರು ಬಂದಾಗ ಫೈಲು ತೋರಿಸಬೇಕು. ಹುಡುಗ ಅರ್ಧ ಗಂಟೆ ಯೋಚನೆ ಮಾಡಿದ ಅಂತ ಯಾವ ಫೈಲಿಗೆ ಹಾಕಲಿ?’ ಅವಳ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ಎಷ್ಟೋ ಹುಡುಗರು ಈಗ ಮ್ಯಾನ್ಯುಯಲ್ ಕೂಡ ನೋಡುವುದಿಲ್ಲ, ಚಾಟ್‌ಜಿಪಿಟಿ ಕೊಟ್ಟದ್ದನ್ನು ದುಂಡಗೆ ಬರೆದು ತರುತ್ತಾರೆ. ಆ ಫೈಲಿನಿಂದ ಸಾಬೀತಾಗುವುದು ಕೈ ನೋವು ಮಾತ್ರ.

ಇದನ್ನೇ ಬೇರೆ ಥರ ಕಲಿಸುವುದೂ ಉಂಟು. ಹಾರ್ವರ್ಡಿನ ಸಿಎಸ್50 ಎಂಬ ಕೋರ್ಸನ್ನು ಡೇವಿಡ್ ಮಾಲನ್ ಕಲಿಸುತ್ತಾರೆ, ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಅಲ್ಲೂ ನಮ್ಮ ಲ್ಯಾಬಿನ ಸಿ ಭಾಷೆಯೇ, ಅಲ್ಲೂ ವಿಳಾಸ ಹಿಡಿದಿಡುವ ಪಾಯಿಂಟರೇ, ಅಲ್ಲಿನವರೂ ಕಷ್ಟ ಕಷ್ಟ ಎಂದೇ ಕೂಗುವುದು. ನಮ್ಮ ಹನ್ನೆರಡನೇ ಪ್ರೋಗ್ರಾಂ ಹ್ಯಾಷ್ ಟೇಬಲ್ಲು: ನಾಲ್ಕಂಕಿಯ ಸಂಖ್ಯೆ ಕೊಟ್ಟು, ಭಾಗಿಸಿ, ಶೇಷ ನೋಡಿ ಜಾಗ ಹುಡುಕುವುದು. ಅಲ್ಲೂ ಹ್ಯಾಷ್ ಟೇಬಲ್ ಇದೆ, ಆದರೆ ಅದರಿಂದ ಲಕ್ಷಕ್ಕೂ ಹೆಚ್ಚು ಪದಗಳ ನಿಘಂಟು ತುಂಬಿಸಿ ಕಾಗುಣಿತ ತಪ್ಪು ಹಿಡಿಯುವ ಪ್ರೋಗ್ರಾಂ ಮಾಡಿಸುತ್ತಾರೆ. ಅದು ನಿಧಾನವಾದರೆ ಯಾಕೆ ನಿಧಾನ ಎಂದು ವಿದ್ಯಾರ್ಥಿ ತಲೆ ಕೆರೆದುಕೊಳ್ಳಬೇಕು. ಹಾರ್ವರ್ಡಿನ ದುಡ್ಡು ನಮ್ಮಲ್ಲಿಲ್ಲ ಎನ್ನಬಹುದು. ನಿಘಂಟಿನ ಫೈಲಿಗೆ ದುಡ್ಡು ಬೇಕಿಲ್ಲ.

ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ನಮ್ಮ ಜಿಲ್ಲೆಯದೇ, ಅವರ ಹೆಸರಿನ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೂ ಅಲ್ಲೇ ಇದೆ. 2023ರಲ್ಲಿ ಉನ್ನತ ಶಿಕ್ಷಣ ಸಚಿವರಾದ ಎಂ.ಸಿ. ಸುಧಾಕರ್ ಚಿಂತಾಮಣಿಯ ಶಾಸಕರು. ಕೇಳಿಸಬೇಕಾದವರೆಲ್ಲ ಹತ್ತಿರದಲ್ಲೇ ಇರುವಾಗ ಕೇಳಿಬಿಡುತ್ತೇನೆ. ಹನ್ನೆರಡು ಪ್ರೋಗ್ರಾಮೂ ಇರಲಿ, ಚೀಟಿಯೂ ಇರಲಿ. ಪರೀಕ್ಷೆಯಲ್ಲಿ ಮಾತ್ರ ಪ್ರೋಗ್ರಾಮನ್ನು ನೀವೇ ಕೊಡಿ, ಮೂರು ಸಾಲು ಕಿತ್ತು, ಇಲ್ಲವೇ ಒಂದು ತಪ್ಪು ಸೇರಿಸಿ. ಹುಡುಗ ಅದನ್ನು ಹುಡುಕಿ ಸರಿಪಡಿಸಲಿ, ಯಾಕೆಂದು ಹೇಳಲಿ. ರೆಕಾರ್ಡನ್ನು ಪ್ರಿಂಟ್ ಹಾಕಿ ತರಲು ಬಿಡಿ, ಅದರಲ್ಲಿ ಕೆಟ್ಟು ನಿಂತ ಪ್ರೋಗ್ರಾಮಿಗೂ ಒಂದು ಪುಟ ಇರಲಿ. 60:40 ಅನ್ನು ತಿರುಗಿಸಿ 40:60 ಮಾಡಿ.

ವಿಶ್ವವಿದ್ಯಾಲಯದ ಸುತ್ತೋಲೆ ಬರುವ ತನಕ ಕಾಲೇಜುಗಳೇ ಮಾಡಬಹುದಾದದ್ದೂ ಇದೆ. ಈ ಮಕ್ಕಳು ಹೇಳುವ ಪ್ರಕಾರ ಲ್ಯಾಬಿಗೆ ನಾಲ್ಕೂವರೆಗೆ ಬೀಗ ಬೀಳುತ್ತದೆ, ಇವರಿಗೆ ಬಸ್ಸು ಸಿಗುವುದು ಐದೂಮುಕ್ಕಾಲಿಗೆ. ಅಷ್ಟು ಹೊತ್ತು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ರೆಕಾರ್ಡ್ ಬರೆಯುತ್ತಾರೆ. ಲ್ಯಾಬಿನ ಇನ್‌ಸ್ಟ್ರಕ್ಟರಿಗೆ ಆ ಗಂಟೆಯ ಸಂಬಳ ಕೊಟ್ಟು ಬಾಗಿಲು ತೆರೆದಿಡುವುದಕ್ಕೆ ಬೆಳಗಾವಿಯ ವಿಟಿಯು ಕಚೇರಿಯ ಅಪ್ಪಣೆ ಬೇಕಿಲ್ಲ, ಪ್ರಿನ್ಸಿಪಾಲರು ಮನಸ್ಸು ಮಾಡಿದರೆ ಸೋಮವಾರದಿಂದಲೇ ಆಗುತ್ತದೆ.