ಚರ್ಮ ಹದ ಮಾಡುವ ಹುಚ್ಚು

ಬಿಸಿಲು ಮೈಗೆ ಎಷ್ಟು ತಾಗಿದರೆ ಅಷ್ಟು ಒಳ್ಳೆಯದು ಎಂಬ ಮಾತನ್ನು ಈಚೆಗೆ ವಿದ್ಯಾವಂತರ ಬಾಯಲ್ಲೇ ಹೆಚ್ಚಾಗಿ ಕೇಳುತ್ತಿದ್ದೇನೆ. ಪಶ್ಚಿಮದವರು ಸಮುದ್ರತೀರದಲ್ಲಿ ಗಂಟೆಗಟ್ಟಲೆ ಬಿದ್ದುಕೊಂಡು ಮೈ ಕಂದಿಸಿಕೊಳ್ಳುತ್ತಾರಲ್ಲ, ಅದರಲ್ಲಿ ಏನೋ ಆರೋಗ್ಯದ ಗುಟ್ಟಿರಬೇಕು ಎಂಬುದು ಇವರ ತರ್ಕ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳುವವನು. ಆದರೆ ಒಂದು ಮಾತು ಎಲ್ಲಿ ಹುಟ್ಟಿತು, ಎಲ್ಲಿ ಅದರ ಅರ್ಥ ಕೆಟ್ಟಿತು ಎಂದು ವಿಚಾರಿಸುವುದು ನನ್ನ ಕಸುಬು. ಹಾಗೆ ವಿಚಾರಿಸಿದರೆ ಇದು ಅರ್ಧ ಸತ್ಯವೆಂದೂ, ಆ ಅರ್ಧದ ಮೇಲೆ ದೊಡ್ಡದೊಂದು ವ್ಯಾಪಾರ ನಿಂತಿದೆಯೆಂದೂ ತಿಳಿಯುತ್ತದೆ.

ಶಬ್ದದಿಂದಲೇ ಪ್ರಾರಂಭಿಸೋಣ. ಮೈ ಕಂದಿಸಿಕೊಳ್ಳುವುದಕ್ಕೆ ಇಂಗ್ಲಿಷಿನವರು ‘ಟ್ಯಾನ್’ ಎನ್ನುತ್ತಾರೆ. ಅದರ ಹಳೆಯ ಅರ್ಥ, ಮರದ ತೊಗಟೆಯ ರಸದಲ್ಲಿ ಹಸಿಯ ತೊಗಲನ್ನು ನೆನೆಹಾಕಿ ಹದ ಮಾಡುವುದು. ಹದ ಮಾಡಿದ ತೊಗಲು ಚಪ್ಪಲಿಗೆ ಬೇಕು, ಮದ್ದಳೆಗೆ ಬೇಕು. ಬದುಕಿರುವ ಮನುಷ್ಯನ ಮೈಗೆ ಏತಕ್ಕೆ ಬೇಕು?

ಈ ಹುಚ್ಚು ಬಹಳ ಹಳೆಯದೇನೂ ಅಲ್ಲ. ಯೂರೋಪಿನ ಸಿರಿವಂತರು ಶತಮಾನಗಳ ಕಾಲ ಬಿಸಿಲಿಗೆ ಹೆದರಿ ಕೊಡೆ ಹಿಡಿದವರು. ಕಂದಿದ ಮೈ ಹೊಲದಲ್ಲಿ ದುಡಿಯುವವನ ಗುರುತಾಗಿತ್ತು. ಕೂಲಿಯವನು ಹೊಲ ಬಿಟ್ಟು ಕಾರ್ಖಾನೆ ಸೇರಿ ಬಿಳಿಚಿಕೊಂಡ ಮೇಲೆ, ಸಮುದ್ರತೀರಕ್ಕೆ ಹೋಗಲು ಹಣವೂ ಬಿಡುವೂ ಇದ್ದವನು ಕಂದತೊಡಗಿದ. 1920ರ ದಶಕದಲ್ಲಿ ಅದೇ ಷೋಕಿಯಾಯಿತು. ವೈದ್ಯಶಾಸ್ತ್ರದ ಆಸರೆಯೂ ಅದಕ್ಕೆ ಸಿಕ್ಕಿತು. ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಚರ್ಮದ ಕ್ಷಯವನ್ನು ಬೆಳಕಿನಿಂದ ಗುಣಪಡಿಸಿ 1903ರಲ್ಲಿ ನೊಬೆಲ್ ಬಹುಮಾನ ಪಡೆದಿದ್ದ. ಅದೇ ವರ್ಷ ಆಗಸ್ಟ್ ರೋಲಿಯೆ ಸ್ವಿಟ್ಜರ್ಲೆಂಡಿನ ಲೇಸಾಂನಲ್ಲಿ ಕ್ಷಯರೋಗಿಗಳನ್ನು ಬಿಸಿಲಿಗೆ ಮಲಗಿಸುವ ಆಸ್ಪತ್ರೆ ತೆರೆದ. 1919ರಲ್ಲಿ ಬರ್ಲಿನ್ನಿನ ಹುಲ್ಡ್‌ಷಿನ್‌ಸ್ಕಿ ಮೂಳೆ ಸೊಟ್ಟಗಾದ ಮಕ್ಕಳನ್ನು ಪಾದರಸದ ದೀಪದ ಬೆಳಕಿನಿಂದ ಗುಣಪಡಿಸಿದ. ಇವರ ಕೆಲಸಕ್ಕೆ ಕೈಮುಗಿಯಬೇಕು. ಆದರೆ ಅವರು ಮದ್ದು ಕೊಟ್ಟದ್ದು ರೋಗಿಗೆ, ಅದೂ ಅಳತೆ ನೋಡಿ. ರೋಗಿಯ ಮದ್ದನ್ನು ನಿರೋಗಿ ಬೊಗಸೆಗಟ್ಟಲೆ ಕುಡಿದರೆ ಅದಕ್ಕೆ ಆರೋಗ್ಯವೆನ್ನಬಹುದೆ?

ಕಂದಿದ ಬಣ್ಣ ಆರೋಗ್ಯದ ಕಾಂತಿಯಲ್ಲ. ಬಿಸಿಲಿನ ಅತಿನೇರಳೆ ಕಿರಣಗಳು ಚರ್ಮದ ಜೀವಕೋಶಗಳೊಳಗಿನ ವಂಶತಂತುವನ್ನು ಘಾಸಿಗೊಳಿಸಿದಾಗ, ಮೈ ತನ್ನನ್ನು ಕಾಪಾಡಿಕೊಳ್ಳಲು ಮೆಲನಿನ್ ಎಂಬ ಬಣ್ಣವನ್ನು ಹೆಚ್ಚಾಗಿ ತಯಾರಿಸುತ್ತದೆ. ಬಣ್ಣ ಕಂಡಿತೆಂದರೆ ಪೆಟ್ಟು ಆಗಲೇ ಬಿದ್ದಿದೆ. ‘ಮೊದಲು ಸ್ವಲ್ಪ ಕಂದಿಸಿಕೊಂಡರೆ ಆಮೇಲೆ ಬಿಸಿಲು ತಟ್ಟುವುದಿಲ್ಲ’ ಎಂಬ ವಾದವೂ ನಿಲ್ಲುವುದಿಲ್ಲ. ಆ ಬಣ್ಣ ಕೊಡುವ ರಕ್ಷಣೆ ತೀರ ಅಲ್ಪ. ಪೆಟ್ಟು ಮೇಲೆ ಮೇಲೆ ಬಿದ್ದರೆ ಸುಕ್ಕು, ಕಣ್ಣಿನ ಪೊರೆ, ಕೆಲವರಿಗೆ ಕ್ಯಾನ್ಸರ್.

‘ಹಾಗಾದರೆ ಡಿ ಜೀವಸತ್ವ?’ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದು ಬಿಸಿಲಿನಿಂದ ಮೈಯಲ್ಲಿ ಹುಟ್ಟುವುದು ನಿಜ. ಆದರೆ ಒಂದು ಮಟ್ಟ ಮುಟ್ಟಿದ ಮೇಲೆ ಚರ್ಮವೇ ಹೆಚ್ಚಿನದನ್ನು ಕೆಲಸಕ್ಕೆ ಬಾರದ ವಸ್ತುವಾಗಿ ಮಾರ್ಪಡಿಸಿಬಿಡುತ್ತದೆ. ಆಮೇಲೆ ಬೇಯುತ್ತ ಬಿದ್ದಿರುವುದರಿಂದ ಜೀವಸತ್ವ ಬೆಳೆಯದು, ಘಾಸಿ ಬೆಳೆಯುತ್ತದೆ. ಇನ್ನು ಮೈ ಕಂದಿಸುವ ದೀಪದ ಮಂಚಗಳೆಂದು ಪಶ್ಚಿಮದಲ್ಲಿವೆ. ಜೀವಸತ್ವಕ್ಕೆ ಬೇಕಾದದ್ದು ‘ಬಿ’ ಬಗೆಯ ಕಿರಣ. ಈ ದೀಪಗಳು ಬಹುಮಟ್ಟಿಗೆ ಸೂಸುವುದು ‘ಎ’ ಬಗೆಯದನ್ನು. ಇದನ್ನು ಆರೋಗ್ಯವೆಂದು ಮಾರಿದವರ ಧೈರ್ಯಕ್ಕೆ ಏನೆನ್ನಬೇಕು!

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಸೂರ್ಯನ ಕಿರಣವನ್ನು 1992ರಲ್ಲಿ, ಈ ಮಂಚಗಳನ್ನು 2009ರಲ್ಲಿ, ತಂಬಾಕು ಇರುವ ಮೊದಲನೆಯ ಪಟ್ಟಿಗೇ ಸೇರಿಸಿತು. ಬ್ರೆಜಿಲ್ 2009ರಲ್ಲಿ ಮಂಚಗಳನ್ನು ನಿಷೇಧಿಸಿತು. ಉಗ್ರ ಬಿಸಿಲಿನ ನೆಲದಲ್ಲಿ ಬಿಳಿಯರು ನೆಲೆಸಿರುವ ಆಸ್ಟ್ರೇಲಿಯದಲ್ಲಿ ಚರ್ಮದ ಕ್ಯಾನ್ಸರಿನ ಹಾವಳಿ ವಿಪರೀತ. 2016ರ ಹೊತ್ತಿಗೆ ಹಣ ಪಡೆದು ಈ ಮಂಚ ನಡೆಸುವುದು ಅಲ್ಲಿನ ಎಲ್ಲ ರಾಜ್ಯಗಳಲ್ಲೂ ನಿಂತಿತು.

ನಮಗೇನು ಸಂಬಂಧ ಎನ್ನಬೇಡಿ. ನಮ್ಮ ಮೈಬಣ್ಣವೇ ಕೊಡೆಯಂತಿರುವುದರಿಂದ ನಮಗೆ ಚರ್ಮದ ಕ್ಯಾನ್ಸರ್ ಕಡಿಮೆ, ನಿಜ. ಆ ಕೊಡೆಯನ್ನು ನಾವು ಹೇಗೆ ನೋಡಿಕೊಂಡಿದ್ದೇವೆ? 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಎಂಬುದನ್ನು ಕಿತ್ತುಹಾಕಿತು. ನಮ್ಮ ವಧುಪರೀಕ್ಷೆಯ ಕಣ್ಣಿನಿಂದ ಅದು ಇನ್ನೂ ಕಿತ್ತುಹೋಗಿಲ್ಲ. ನಮ್ಮ ಬ್ಯೂಟಿ ಪಾರ್ಲರುಗಳಲ್ಲಿ ಬಿಸಿಲಿನ ಬಣ್ಣ ತೆಗೆಯುವುದಕ್ಕೂ ದರಪಟ್ಟಿ ತೂಗುತ್ತದೆ. ಅಲ್ಲಿ ಕಪ್ಪಾಗಲು ಹಣ, ಇಲ್ಲಿ ಬೆಳ್ಳಗಾಗಲು ಹಣ. ಹುಟ್ಟಿದ ಚರ್ಮ ಸಾಲದು ಎಂದು ನಂಬಿಸುವವನಿಗೆ ಎರಡು ಕಡೆಯೂ ಲಾಭ.

ಈ ಗದ್ದಲದಲ್ಲಿ ನಿಜವಾದ ಪ್ರಶ್ನೆ ಮರೆತುಹೋಗಿದೆ. ಇಷ್ಟು ಬಿಸಿಲಿನ ನಾಡಿನಲ್ಲಿ ನಮ್ಮ ನಗರದವರಿಗೆ ಡಿ ಜೀವಸತ್ವದ ಕೊರತೆ ವ್ಯಾಪಕವಾಗಿದೆ. ಕಪ್ಪು ಚರ್ಮಕ್ಕೆ ಅದನ್ನು ತಯಾರಿಸಲು ಬಿಸಿಲು ಹೆಚ್ಚು ಹೊತ್ತು ಬೇಕು. ನಮ್ಮ ಮಕ್ಕಳೋ ಮನೆಯಿಂದ ವಾಹನಕ್ಕೆ, ವಾಹನದಿಂದ ತರಗತಿಗೆ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಲ್ಲಿ ಬೇಕಾದ ಕಿರಣ ಇರುವುದಿಲ್ಲ. ಆಟದ ಬಯಲೇ ಇಲ್ಲದ ಶಾಲೆಗೆ ಸಾವಿರಾರು ರೂಪಾಯಿ ತೆತ್ತು, ಸಂಜೆ ಮಗುವಿಗೆ ಮಾತ್ರೆ ನುಂಗಿಸುತ್ತೇವೆ. ಅತ್ತ ರಸ್ತೆಗೆ ಡಾಂಬರು ಹಾಕುವ ಹೆಂಗಸಿಗೂ ಚೌಕದಲ್ಲಿ ನಿಂತ ಪೊಲೀಸಿನವನಿಗೂ ನಡುಹಗಲಿನಲ್ಲಿ ಒಂದು ಗಳಿಗೆ ನೆರಳಿಲ್ಲ.

ಬಿಸಿಲು ಬೇಕಾದವರಿಗೆ ಬಯಲು ಕೊಡಿ, ನೆರಳು ಬೇಕಾದವರಿಗೆ ಮರ ನೆಡಿ. ನಗರಸಭೆಯನ್ನೂ ಶಾಲೆಯ ಆಡಳಿತದವರನ್ನೂ ನಾವು ಕೇಳಬೇಕಾದದ್ದು ಇದು. ಬಣ್ಣದ ಮಾತು ಆಮೇಲೆ.