ದಫ್ತರದ ಮೇಜು ಎಷ್ಟು ದೊಡ್ಡದಿರಬೇಕು?

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಹೋಬಳಿಯ ರೈತನಿಗೆ ಬೆಳೆಸಾಲ ಬೇಕಿರಲಿ, ಪರಿಹಾರ ಬೇಕಿರಲಿ, ಮೊದಲು ಕೇಳುವ ಕಾಗದ ಪಹಣಿ. ಒಂದು ಕಾಲದಲ್ಲಿ ಅದು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಪುಸ್ತಕ ಹೋಗಿ ಡೇಟಾಬೇಸ್ ಬಂತು. ಡೇಟಾಬೇಸ್ ನಿಂತರೆ ಸಾಲಿನಲ್ಲಿ ನಿಂತವರ ಕೆಲಸವೂ ನಿಂತಂತೆಯೇ.

ಡೇಟಾಬೇಸ್ ಸರ್ವರ್ ನಿಲ್ಲುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ಬಹಳ ಸಣ್ಣದು, ಆದರೆ ಕಾಲೇಜಿನ ಪಾಠದಲ್ಲಿ ಅಪರೂಪಕ್ಕೆ ಬರುವಂಥದ್ದು. ಅದೇ ಹಂಚಿಕೆಯ ಮೆಮೊರಿಯ ಮಿತಿ.

ಹಳೆಯ ಕಚೇರಿಯೊಂದನ್ನು ನೆನೆಯೋಣ. ಒಳಗಿನ ಕೋಣೆಯ ಬೀರುಗಳಲ್ಲಿ ಕಡತಗಳಿವೆ. ಅದು ಹಾರ್ಡ್ ಡಿಸ್ಕ್. ಹೊರಗೆ ಗುಮಾಸ್ತರಿದ್ದಾರೆ, ಅವರು ಪ್ರೋಗ್ರಾಮಿನ ಪ್ರೊಸೆಸ್‌ಗಳು. ಪ್ರತಿ ಗುಮಾಸ್ತನೂ ಪ್ರತಿ ಸಲ ಬೀರುವಿಗೆ ಓಡಿದರೆ ಸಂಜೆಯಾಗುತ್ತದೆ. ಪ್ರತಿಯೊಬ್ಬನೂ ಕಡತದ ನಕಲನ್ನು ತನ್ನ ಬಳಿ ಇಟ್ಟುಕೊಂಡರೆ ಇನ್ನೂ ಅಪಾಯ. ಒಬ್ಬನು ಖಾತೆ ಬದಲಾವಣೆ ಬರೆದ ಮೇಲೂ ಪಕ್ಕದವನು ಹಳೆಯ ಮಾಲೀಕನ ಹೆಸರಿನಲ್ಲೇ ಪಹಣಿ ಕೊಟ್ಟಾನು. ಆದ್ದರಿಂದ ನಡುವೆ ಒಂದು ದೊಡ್ಡ ಮೇಜು ಹಾಕಿ, ಬೇಕಾದ ಕಡತ ಅದರ ಮೇಲೆ ತೆರೆದಿಟ್ಟು, ಎಲ್ಲರೂ ಅದನ್ನೇ ನೋಡುತ್ತಾರೆ. ಆ ಮೇಜೇ ಹಂಚಿಕೆಯ ಮೆಮೊರಿ.

ಕಚೇರಿ ಕಟ್ಟಡದ ಯಜಮಾನ ಆಪರೇಟಿಂಗ್ ಸಿಸ್ಟಂ. ಒಬ್ಬರೇ ಇಡೀ ಹಜಾರ ಆಕ್ರಮಿಸಬಾರದೆಂದು ಆತ ಎರಡು ಮಿತಿ ಹಾಕುತ್ತಾನೆ. ಲಿನಕ್ಸ್‌ನಲ್ಲಿ ಒಂದರ ಹೆಸರು ‘ಎಸ್‌ಎಚ್‌ಎಂ ಮ್ಯಾಕ್ಸ್’: ಒಂದು ಮೇಜು ಎಷ್ಟು ದೊಡ್ಡದಿರಬಹುದು ಎಂಬುದು. ಇನ್ನೊಂದು ‘ಎಸ್‌ಎಚ್‌ಎಂ ಆಲ್’: ಎಲ್ಲ ಮೇಜುಗಳೂ ಸೇರಿ ಎಷ್ಟು ಜಾಗ ಹಿಡಿಯಬಹುದು ಎಂಬುದು. ಎಷ್ಟೋ ಜನ ಎಡವುವುದು ಇಲ್ಲೇ. ಮೊದಲನೆಯದನ್ನು ಬೈಟ್‌ಗಳಲ್ಲಿ ಬರೆಯಬೇಕು, ಎರಡನೆಯದನ್ನು ಪುಟಗಳಲ್ಲಿ. ಸಾಮಾನ್ಯ ಕಂಪ್ಯೂಟರಿನಲ್ಲಿ ಒಂದು ಪುಟ ಎಂದರೆ 4096 ಬೈಟ್.

ಲೆಕ್ಕ ಮಾಡಿ ನೋಡಬಹುದು. 4 ಗಿಗಾಬೈಟ್ ಮೆಮೊರಿಯ ಯಂತ್ರವನ್ನು ಪೋಸ್ಟ್‌ಗ್ರೆಸ್ ಎಂಬ ಉಚಿತ ಡೇಟಾಬೇಸಿಗೆಂದೇ ಇಟ್ಟಿದ್ದರೆ, ಕಾಲು ಭಾಗವನ್ನು, ಅಂದರೆ 1 ಗಿಗಾಬೈಟನ್ನು ಮೇಜಿಗೆ ಕೊಡುವುದು ವಾಡಿಕೆ. ಅದು 1,07,37,41,824 ಬೈಟ್. 4096ರಿಂದ ಭಾಗಿಸಿದರೆ 2,62,144 ಪುಟ. ಸರ್ವರಿನ ಇತರ ಲೆಕ್ಕಪತ್ರಕ್ಕೂ ಕೊಂಚ ಜಾಗ ಬೇಕಾದ್ದರಿಂದ 2013ಕ್ಕೆ ಮೊದಲಿನ ಆವೃತ್ತಿಗಳಲ್ಲಿ ಎರಡೂ ಮಿತಿಗಳು ಇದಕ್ಕಿಂತ ತುಸು ಹೆಚ್ಚಿರಬೇಕಿತ್ತು. ಮರೆತು ಪುಟಗಳ ಸಂಖ್ಯೆಯನ್ನೇ ಬೈಟ್‌ಗಳ ಜಾಗದಲ್ಲಿ ಬರೆದರೆ ಮೇಜಿನ ಅಳತೆ 256 ಕಿಲೋಬೈಟಿಗೆ ಇಳಿಯುತ್ತದೆ. ಆ ಆವೃತ್ತಿಗಳಲ್ಲಿ ಸರ್ವರ್ ಏಳುತ್ತಲೇ ಇರಲಿಲ್ಲ.

ಎರಡನೆಯ ಮಿತಿ ಮೀರಿದಾಗ ಬರುವ ಸಂದೇಶ ಇನ್ನೂ ದಾರಿ ತಪ್ಪಿಸುವಂಥದ್ದು. ‘ಸಾಧನದಲ್ಲಿ ಜಾಗ ಉಳಿದಿಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲು ತೆರೆಯ ಮೇಲೆ ಮೂಡುತ್ತದೆ. ಅನುಭವವಿಲ್ಲದವರು ಡಿಸ್ಕ್ ತುಂಬಿದೆಯೆಂದು ಬಗೆದು ಫೈಲುಗಳನ್ನು ಅಳಿಸಲು ಹೊರಡುತ್ತಾರೆ. ಕಡತ ಸುಟ್ಟರೆ ಮೇಜು ದೊಡ್ಡದಾಗುವುದಿಲ್ಲ! ಡಿಸ್ಕಿನಲ್ಲಿ ಜಾಗ ಧಾರಾಳವಾಗಿದ್ದರೂ ಈ ದೂರು ಬರುತ್ತದೆ. ಸಂದೇಶ ಕಂಡೊಡನೆ ಕೈ ಹಾಕುವ ಮೊದಲು ಅದು ಯಾವ ಜಾಗದ ಮಾತು ಎಂದು ವಿಚಾರಿಸುವುದೇ ಜಾಣತನ.

ಹಾಗೆಂದು ಮಿತಿಯನ್ನು ಬೇಕಾಬಿಟ್ಟಿ ಏರಿಸಿದರೂ ಒಳಿತಲ್ಲ. ಮಿತಿ ಕೇವಲ ಅನುಮತಿ. ಅದರಿಂದ ಹೊಸ ಮೆಮೊರಿ ಹುಟ್ಟುವುದಿಲ್ಲ. ಇರುವುದಕ್ಕಿಂತ ದೊಡ್ಡ ಮೇಜು ಹಾಕಹೊರಟರೆ ಯಂತ್ರ ಸಾಮಾನುಗಳನ್ನು ಡಿಸ್ಕಿಗೆ ಸಾಗಿಸುತ್ತ, ಮರಳಿ ತರುತ್ತ ತೆವಳತೊಡಗುತ್ತದೆ.

ಹಿಂದೆ ಲಿನಕ್ಸ್ ಒಂದು ಮೇಜಿಗೆ ಕೊಡುತ್ತಿದ್ದುದು ಕೇವಲ 32 ಮೆಗಾಬೈಟ್. 2013ರಲ್ಲಿ ಪೋಸ್ಟ್‌ಗ್ರೆಸ್‌ನ 9.3ನೇ ಆವೃತ್ತಿ ಮೆಮೊರಿ ಪಡೆಯುವ ಬೇರೆ ದಾರಿ ಹಿಡಿಯಿತು; 2014ರಲ್ಲಿ ಲಿನಕ್ಸ್‌ನ 3.16ನೇ ಆವೃತ್ತಿ ಮಿತಿಯನ್ನೇ ಬಹುವಾಗಿ ಏರಿಸಿತು. ತೊಡಕು ಬಹುಮಟ್ಟಿಗೆ ತಗ್ಗಿತು. ಆದರೆ ಒರೇಕಲ್‌ನಂಥ ಡೇಟಾಬೇಸ್ ಅಳವಡಿಸುವವರು ಇಂದಿಗೂ ಈ ಎರಡು ಅಂಕಿಗಳನ್ನು ನೋಡಿಕೊಳ್ಳಬೇಕು. ಹಳೆಯ ಸರ್ವರುಗಳನ್ನು ನೋಡಿಕೊಳ್ಳುವ ಕೆಲಸವೂ ಹೊಸಬರ ಪಾಲಿಗೇ ಬರುವುದುಂಟು.

ಇದನ್ನು ಕಲಿಯಲು ದುಬಾರಿ ಯಂತ್ರ ಬೇಕಿಲ್ಲವೆಂಬುದನ್ನು ತಂದೆತಾಯಿಗಳು ಗಮನಿಸಬೇಕು. ಮನೆಯ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಟ್ಟರೆ ಸಾಕು. ಅದಕ್ಕೂ ಪೋಸ್ಟ್‌ಗ್ರೆಸ್‌ಗೂ ಕಾಸು ಕೊಡಬೇಕಿಲ್ಲ. ವಿದ್ಯಾರ್ಥಿಗಳು ‘ಐಪಿಸಿಎಸ್’ ಎಂಬ ಆಜ್ಞೆಯ ಮುಂದೆ ಜಾಗ ಬಿಟ್ಟು, ಅಡ್ಡಗೆರೆಯೊಂದಿಗೆ ಸಣ್ಣ ‘ಎಲ್’ ಅಕ್ಷರ ಒತ್ತಿ ನೋಡಲಿ. ತಮ್ಮ ಯಂತ್ರದ ಯಜಮಾನ ಹಾಕಿರುವ ಮಿತಿಗಳ ಪಟ್ಟಿ ತೆರೆಯ ಮೇಲೆ ಬರುತ್ತದೆ. ಅದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡು, ಯಾವುದು ಬೈಟ್, ಯಾವುದು ಕಿಲೋಬೈಟ್ ಎಂದು ಬೇರ್ಪಡಿಸಿದರೆ ಅರ್ಧ ಪಾಠ ಮುಗಿದಂತೆ.