ಬೀಸುವ ಕಲ್ಲು ಹೇಳುವ ಮಾತು

"ಯಾರ ರಾಜ್ಯ ಬಂದ್ರೂ ನಮಗ ಜ್ವಾಳ ಬೀಸೂದು ತಪ್ಪಂಗಿಲ್ರೀ ಮಾಸ್ತರ." ಯಾದಗಿರಿಯ ಹತ್ತಿ ಗಿರಣಿಯ ಮುಂದೆ ಹಮಾಲ ಬಂಧುವೊಬ್ಬರು ಮೊನ್ನೆ ಹೀಗೆಂದರು. ಪಕ್ಕದ ಕಿರಾಣಿ ಅಂಗಡಿಯವರೂ ತಲೆಯಾಡಿಸಿದರು. ಓದಿದವರು ಇಂಥ ಮಾತು ಕೇಳಿದೊಡನೆ, "ನಮ್ಮ ಜನಕ್ಕೆ ಬದಲಾವಣೆಯೇ ಬೇಡ" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಆ ತೀರ್ಪು ಸುಳ್ಳು.

ಈ ಜನ ಕಂಡ ಬದಲಾವಣೆಗಳು ಕಡಿಮೆಯೇ? 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರು ಇಂಗ್ಲಿಷರ ಮೇಲೆ ತಿರುಗಿಬಿದ್ದು ಸೋತರು. ಬಳಿಕ ಸಂಸ್ಥಾನ ನಿಜಾಮನ ಪಾಲಾಯಿತು. 1948ರಲ್ಲಿ ನಿಜಾಮನ ಆಳಿಕೆ ಮುಗಿಯಿತು. 1949ರಲ್ಲಿ ಜಾಗೀರುಗಳು ರದ್ದಾದವು. 1956ರ ನವೆಂಬರ್ 1ರಂದು ನಾವು ಕನ್ನಡ ರಾಜ್ಯಕ್ಕೆ ಸೇರಿದೆವು. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಶಹಾಪುರ, ಸುರಪುರಗಳಿಗೆ ಕೃಷ್ಣೆಯ ಕಾಲುವೆ ಬಂದಿದೆ. ಆದರೂ ಹೊಲವಿಲ್ಲದವರ ಗುಳೆ ನಿಂತಿಲ್ಲ. ಮೇಲಿನಿಂದ ಇಳಿದ ಬದಲಾವಣೆ ತನ್ನ ಒಲೆಯವರೆಗೆ ಬಾರದಿದ್ದರೆ ಬಡವನು ಅದನ್ನು ನಂಬುವುದು ಹೇಗೆ?

ನಾವು ಕರ್ನಾಟಕಕ್ಕೆ ಸೇರಿದ ದಿನವೇ, ದೂರದ ಹಂಗೇರಿಯಲ್ಲಿ ಇಮ್ರೆ ನಾಗಿಯವರ ಸರಕಾರ ರಷ್ಯದ ಸೈನಿಕ ಕೂಟವನ್ನು ಬಿಡುವುದಾಗಿ ಸಾರಿತು. ಅಲ್ಲಿ ಕಾರ್ಮಿಕರು ಕಾರಖಾನೆಗಳಲ್ಲಿ ತಮ್ಮದೇ ಸಮಿತಿಗಳನ್ನು ಕಟ್ಟಿದ್ದರು. ನವೆಂಬರ್ 4ರಂದು ಟ್ಯಾಂಕುಗಳು ರಾಜಧಾನಿಗೆ ನುಗ್ಗಿದವು. 1958ರಲ್ಲಿ ನಾಗಿಯವರನ್ನು ಗಲ್ಲಿಗೇರಿಸಿದರು. ಜನ ಬಾಯಿ ಮುಚ್ಚಿದರು, ಮರೆಯಲಿಲ್ಲ. 1989ರ ಜೂನ್ 16ರಂದು ನಾಗಿಯವರಿಗೆ ಮತ್ತೆ ಗೌರವದ ಮಣ್ಣು ಕೊಟ್ಟಾಗ ಬುಡಾಪೆಸ್ಟಿನ ಚೌಕ ಜನರಿಂದ ತುಂಬಿತ್ತು. ಸುಮ್ಮನಿರುವ ಜನ ಒಪ್ಪಿಕೊಂಡ ಜನವಲ್ಲ.

ಆದರೆ ಬಂಧುಗಳೇ, ಎಲ್ಲ ಹೊಣೆಯನ್ನೂ ಸರಕಾರದ ತಲೆಗೆ ಕಟ್ಟಲಾಗದು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ನೂರು ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು 41 ಮಂದಿ ಮಾತ್ರ. ಮಗಳಿಗೆ ಶಾಲೆ ಬಿಡಿಸಿ ಕೂಸು ಆಡಿಸಲು ಗುಳೆಗೆ ಕರೆದೊಯ್ಯಿರೆಂದು ಯಾವ ನಿಜಾಮನೂ ಹುಕುಂ ಕೊಟ್ಟಿರಲಿಲ್ಲ. ನಾನೂ ತಪ್ಪಿತಸ್ಥನೇ. ಮಾಸ್ತರನಾಗಿದ್ದಾಗ ಅಂಥ ಹುಡುಗಿಯರ ಹೆಸರಿನ ಮುಂದೆ "ಗೈರುಹಾಜರಿ" ಎಂದು ಬರೆದು ಸುಮ್ಮನಾದೆ. ಒಂದು ಮನೆಯ ಬಾಗಿಲನ್ನೂ ತಟ್ಟಲಿಲ್ಲ.

ಗುಳೆಯವರ ಮಕ್ಕಳಿಗೆ ವಸತಿ ಶಾಲೆ ಬೇಕೆಂದು ಹೋರಾಡೋಣ. ಅದು ದೊರೆಯುವವರೆಗೆ ಓಣಿಯ ಗಿರಣಿಯವರೂ ಅಂಗಡಿಯವರೂ ಕೂಡಿ ಆ ಮಕ್ಕಳಿಗೆ ಒಂದು ಸೂರು, ಎರಡು ರೊಟ್ಟಿ ಒದಗಿಸಲಾರೆವೇ?

ಆ ಹಮಾಲ ಬಂಧುವಿಗೆ ನಾನು ಕೇಳಿದೆ: "ನಿಮ್ಮ ಮನ್ಯಾಗ ಈಗ ಜ್ವಾಳ ಬೀಸೂರು ಯಾರು?" ಅವರು ನಕ್ಕರು. ಬೀಸುವ ಕಲ್ಲು ಮೂಲೆ ಸೇರಿ ಎಷ್ಟೋ ಕಾಲವಾಗಿದೆ. ಹಿಟ್ಟಿನ ಗಿರಣಿ ಬಂದಾಗ ಯಾವ ತಾಯಿಯೂ ಬೇಡವೆನ್ನಲಿಲ್ಲ. ತನ್ನ ರಟ್ಟೆಯ ಭಾರ ಇಳಿಸುವ ಬದಲಾವಣೆಯನ್ನು ನಮ್ಮ ಜನ ಎಂದೂ ದೂಡಿದವರಲ್ಲ.